ರಾಜನೀತಿಜ್ಞ ಕೌಂಟ್ ಕಾರ್ಲೊ ಸ್ಫೋರ್ಜಾ

ನಮ್ಮ ರಾಜನೀತಿಶಾಸ್ತ್ರವು ದೂತರನ್ನು ಮೂರು ತೆರನಾಗಿ ವಿಂಗಡಿಸುತ್ತದೆ. ಒಡೆಯನಿಂದ ಪೂರ್ಣಾಧಿಕಾರವನ್ನು ಪಡೆದು ತಾನೇ ನಿರ್ಣಯ ಕೈಗೊಳ್ಳಬಲ್ಲವನು ನಿಸೃಷ್ಟಾರ್ಥ. ಗೊತ್ತುಪಡಿಸಿದ ಮೇರೆಯೊಳಗೆ ಮಾತನಾಡುವವನು ಪರಿಮಿತಾರ್ಥ. ಓಲೆಯನ್ನು ಒಯ್ದು ಮುಟ್ಟಿಸುವುದಷ್ಟೇ ಕಾರ್ಯವಾಗುಳ್ಳವನು ಶಾಸನಹರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ ಈ ವಿಭಾಗಕ್ರಮವು ವಿದ್ವಾಂಸರಿಗೆಲ್ಲ ಸುಪರಿಚಿತವಾದುದೇ ಆಗಿದೆ. ಆದರೆ ಒಡೆಯನೇ ಅಧರ್ಮಮಾರ್ಗವನ್ನು ಹಿಡಿದ ಪಕ್ಷದಲ್ಲಿ ದೂತನಾದವನ ಕರ್ತವ್ಯವೇನೆಂಬ ಪ್ರಶ್ನೆಯು ಈ ವಿಂಗಡಣೆಯ ಹೊರಗೆ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟ ಮಹನೀಯರಲ್ಲಿ ಇಟಲಿ ದೇಶದ ಕೌಂಟ್ ಕಾರ್ಲೊ ಸ್ಫೋರ್ಜಾ ಅವರು ಒಬ್ಬರು.

ಇಟಲಿ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಮ್ಯಾಜಿನಿ, ಗ್ಯಾರಿಬಾಲ್ಡಿ, ಕವೂರ್ ಎಂಬ ಮೂವರು. ಪರಾಧೀನವಾಗಿ ಛಿದ್ರಛಿದ್ರವಾಗಿದ್ದ ನಾಡನ್ನು ಒಂದುಗೂಡಿಸಿದ ಆ ಮಹಾಪುರುಷರ ಚರಿತೆಯು ನಮ್ಮ ಸ್ವಾತಂತ್ರ್ಯಸಮರದ ಕಾಲದಲ್ಲಿ ಭಾರತದ ತರುಣರಿಗೆ ಸ್ಫೂರ್ತಿಯನ್ನಿತ್ತಿತ್ತು. ಅವರ ಅನಂತರ ನೆನಪಾಗುವ ಹೆಸರು ಸರ್ವಾಧಿಕಾರಿ ಮುಸೊಲಿನಿಯದು. ಕಟ್ಟಿದವರನ್ನೂ ಕೆಡಿಸಿದವನನ್ನೂ ಬಲ್ಲ ನಾವು, ಕೆಟ್ಟುದನ್ನು ಮತ್ತೆ ನೇರ್ಪಡಿಸಲು ಶ್ರಮಿಸಿದವರನ್ನು ಅಷ್ಟಾಗಿ ಅರಿತಿಲ್ಲ. ಆ ಕೊರತೆಯನ್ನು ಅಲ್ಪಮಟ್ಟಿಗಾದರೂ ತುಂಬುವುದು ಈ ಲೇಖನದ ಉದ್ದೇಶ.

ಮನೆತನ ಮತ್ತು ವಿದ್ಯಾಭ್ಯಾಸ

ಸ್ಫೋರ್ಜಾ ಎಂಬುದು ಇಟಲಿಯ ಇತಿಹಾಸದಲ್ಲಿ ಹಿರಿದಾದ ಹೆಸರು. 1450ರಿಂದ 16ನೆಯ ಶತಮಾನದ ಪೂರ್ವಾರ್ಧದವರೆಗೆ ಮಿಲಾನ್ ಸಂಸ್ಥಾನವನ್ನು ಆಳಿದ ರಾಜವಂಶವದು. ಚಿತ್ರಕಲಾವಿದ ಲಿಯೊನಾರ್ಡೊ ಡ ವಿಂಚಿಗೆ ಆಶ್ರಯವಿತ್ತ ಕೀರ್ತಿಯೂ ಆ ವಂಶಕ್ಕೆ ಸಲ್ಲುತ್ತದೆ. ಅದರ ಒಂದು ಕವಲಿನಲ್ಲಿ, ಟಸ್ಕನಿ ಪ್ರಾಂತದ ಲುಕ್ಕಾ ನಗರದಲ್ಲಿ 1872ರಲ್ಲಿ ಕಾರ್ಲೊ ಜನಿಸಿದರು. ತಂದೆ ಜೊವಾನ್ನಿ ಸ್ಫೋರ್ಜಾ ಅವರು ಪ್ರಾಚೀನ ದಾಖಲೆಗಳ ಸಂರಕ್ಷಕರು, ಇತಿಹಾಸ ಸಂಶೋಧಕರು. ತಾಯಿ ಲುಕ್ಕಾದ ಶ್ರೀಮಂತ ರೇಷ್ಮೆ ವರ್ತಕರ ಮನೆಯವರು. ರಾಜವಂಶದ ಹೆಸರು ಒಂದು ಕಡೆ, ಓಲೆಗಡತಗಳ ನಡುವೆ ಬಾಳಿದ ತಂದೆಯ ವಿದ್ಯಾವ್ಯಾಸಂಗ ಇನ್ನೊಂದು ಕಡೆ, ಇವೆರಡರ ಸಂಸ್ಕಾರದಲ್ಲಿ ಬಾಲಕನು ಬೆಳೆದನು. ಒಂದು ಸಾಮ್ರಾಜ್ಯವು ಹೇಗೆ ಏಳುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ಮನೆಯ ಗ್ರಂಥರಾಶಿಯಲ್ಲಿ ಓದಿಕೊಳ್ಳುವ ಅವಕಾಶ ದೊರೆತ ಹುಡುಗನಿಗೆ ಅದೇ ದೃಶ್ಯವನ್ನು ಮುಂದೆ ಕಣ್ಣಾರೆ ಕಾಣುವ ಯೋಗವೂ ಕಾದಿತ್ತು.

ಪೀಸಾ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು, 1896ರಲ್ಲಿ ಅವರು ತಮ್ಮ ದೇಶದ ರಾಯಭಾರ ಸೇವೆಯನ್ನು ಸೇರಿದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ.

ದೇಶಾಂತರ ಸೇವೆ

ಕೈರೊ, ಪ್ಯಾರಿಸ್, ಕಾನ್‌ಸ್ಟಾಂಟಿನೋಪಲ್, ಪೀಕಿಂಗ್, ಬುಖಾರೆಸ್ಟ್, ಮ್ಯಾಡ್ರಿಡ್, ಲಂಡನ್ — ಹದಿನೈದು ವರ್ಷಗಳ ಅವಧಿಯಲ್ಲಿ ಅವರು ಇಷ್ಟು ರಾಜಧಾನಿಗಳಲ್ಲಿ ಸೇವೆ ಸಲ್ಲಿಸಿದರು. 1906ರಲ್ಲಿ ಮೊರಾಕೊ ದೇಶದ ಪ್ರಶ್ನೆಯನ್ನು ಕುರಿತು ಸ್ಪೇನಿನ ಆಲ್ಹೆಸಿರಾಸ್ ಪಟ್ಟಣದಲ್ಲಿ ಮಹಾಶಕ್ತಿಗಳ ಸಮ್ಮೇಳನವು ಸೇರಿದಾಗ, ಇಟಲಿಯ ಪ್ರತಿನಿಧಿಯಾಗಿದ್ದ ವಯೋವೃದ್ಧ ಮುತ್ಸದ್ದಿ ವಿಸ್ಕೊಂತಿ ವೆನೋಸ್ತಾ ಅವರಿಗೆ ಆಪ್ತಕಾರ್ಯದರ್ಶಿಯಾಗಿ ಹೋದರು. ಇಟಲಿಯ ಏಕೀಕರಣದ ಕಾಲದಿಂದಲೂ ರಾಜತಂತ್ರವನ್ನು ನಡೆಸಿದ್ದ ಆ ಹಿರಿಯರ ಬಳಿ ಕಲಿತ ಪಾಠವು ಸ್ಫೋರ್ಜಾ ಅವರ ಪಾಲಿಗೆ ಗುರುಕುಲವಾಸದಂತೆ ಪರಿಣಮಿಸಿತು.

1908–09ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿದ್ದಾಗ ತರುಣ ತುರ್ಕರ ಕ್ರಾಂತಿಯನ್ನು ಕಂಡರು. 1911ರಲ್ಲಿ ಬೆಲ್ಜಿಯಮ್ ದೇಶದ ಗಣ್ಯ ಮನೆತನದ ವ್ಯಾಲೆಂಟೀನ್ ಅವರನ್ನು ವಿವಾಹವಾಗಿ, ಅದೇ ವರ್ಷ ಚೀನಾ ದೇಶಕ್ಕೆ ಇಟಲಿಯ ಪ್ರತಿನಿಧಿಯಾಗಿ ತೆರಳಿದರು. 1912ರ ಫೆಬ್ರವರಿಯಲ್ಲಿ ಚೀನಾದ ಕೊನೆಯ ಬಾಲಚಕ್ರವರ್ತಿಯು ಸಿಂಹಾಸನವನ್ನು ತ್ಯಜಿಸಿದನು. ಸಹಸ್ರಾರು ವರ್ಷಗಳ ಚಕ್ರಾಧಿಪತ್ಯವು ಕುಸಿದುದನ್ನು ಅವರು ಸಮೀಪದಲ್ಲಿ ನಿಂತು ಗಮನಿಸಿದರು. 1915ರವರೆಗೂ ಅಲ್ಲಿಯೇ ಇದ್ದರು.

ಆ ವೇಳೆಗೆ ಪ್ರಥಮ ಮಹಾಯುದ್ಧವು ಯೂರೋಪನ್ನು ಸುಡುತ್ತಿತ್ತು. ಸರ್ಬಿಯ ದೇಶವು ಶತ್ರುಗಳ ವಶವಾಗಿ, ಅದರ ಸರಕಾರವು ಗ್ರೀಸಿನ ಕಾರ್ಫು ದ್ವೀಪದಲ್ಲಿ ಆಶ್ರಯ ಪಡೆದಿದ್ದಿತು. ಆ ಸರಕಾರದ ಬಳಿಗೆ ಸ್ಫೋರ್ಜಾ ಅವರು ಇಟಲಿಯ ರಾಯಭಾರಿಯಾಗಿ ನಿಯೋಜಿತರಾದರು. ನೆಲವನ್ನು ಕಳೆದುಕೊಂಡು, ಸೈನ್ಯದ ಬಹುಭಾಗವನ್ನು ಕಳೆದುಕೊಂಡು, ಕಡಲ ನಡುವಣ ದ್ವೀಪದಲ್ಲಿ ಕುಳಿತು, ದಕ್ಷಿಣ ಸ್ಲಾವ್ ಜನಾಂಗಗಳೆಲ್ಲ ಒಂದು ರಾಷ್ಟ್ರವಾಗಬೇಕೆಂದು ಹಂಬಲಿಸುತ್ತಿದ್ದ ವೃದ್ಧ ಪ್ರಧಾನಿ ಪಾಶಿಚ್ ಅವರ ನಿಕಟ ಪರಿಚಯವು ಅವರಿಗೆ ಅಲ್ಲಿ ಆಯಿತು. ಮ್ಯಾಜಿನಿಯು ಇಟಲಿಗಾಗಿ ಕಂಡಿದ್ದ ಕನಸನ್ನೇ ನೆರೆಯವರು ತಮ್ಮ ನಾಡಿಗಾಗಿ ಕಾಣುತ್ತಿರುವರೆಂಬ ಅರಿವು ಅವರಲ್ಲಿ ಆ ದ್ವೀಪದಲ್ಲಿ ದೃಢಪಟ್ಟಿತೆಂದು ಹೇಳಿದರೆ ತಪ್ಪಾಗದು. ಅವರ ಮುಂದಿನ ನೀತಿಯ ಬೇರು ಇಲ್ಲಿದೆ.

ರಪಾಲ್ಲೊ ಒಪ್ಪಂದ

ಯುದ್ಧದಲ್ಲಿ ಇಟಲಿಯು ಗೆದ್ದ ಪಕ್ಷದಲ್ಲಿದ್ದಿತು. ಆದರೂ ಅದರ ಮನಸ್ಸು ತೃಪ್ತವಾಗಿರಲಿಲ್ಲ. ಅದು ಯುದ್ಧಕ್ಕೆ ಇಳಿಯುವ ಮುನ್ನ, 1915ರ ಏಪ್ರಿಲ್ ತಿಂಗಳಿನ ಲಂಡನ್ ರಹಸ್ಯ ಒಪ್ಪಂದದಲ್ಲಿ, ಆಡ್ರಿಯಾಟಿಕ್ ಸಮುದ್ರದ ಪೂರ್ವತೀರದ ಡಾಲ್ಮೇಷಿಯ ಪ್ರಾಂತದ ಉತ್ತರಭಾಗವನ್ನು ಕೊಡುವುದಾಗಿ ಮಿತ್ರರಾಷ್ಟ್ರಗಳು ಮಾತು ಕೊಟ್ಟಿದ್ದವು. ಆದರೆ ಅಲ್ಲಿ ವಾಸಿಸುತ್ತಿದ್ದವರಲ್ಲಿ ಬಹುಸಂಖ್ಯಾತರು ಸ್ಲಾವ್ ಜನಾಂಗದವರು. ಯುದ್ಧಾನಂತರ ಆ ಜನಾಂಗಗಳು ಒಂದುಗೂಡಿ, ಮುಂದೆ ಯುಗೊಸ್ಲಾವಿಯ ಎಂದು ಹೆಸರಾದ ಹೊಸ ರಾಜ್ಯವನ್ನು ಕಟ್ಟಿಕೊಂಡಿದ್ದವು. ಅಮೆರಿಕದ ಅಧ್ಯಕ್ಷ ವಿಲ್ಸನ್ ಅವರು ಹಳೆಯ ರಹಸ್ಯ ಒಪ್ಪಂದವನ್ನು ಮನ್ನಿಸಲಿಲ್ಲ. ತಮ್ಮ ವಿಜಯವು ಅಂಗಹೀನವಾಯಿತೆಂಬ ಕೂಗು ಇಟಲಿಯಲ್ಲಿ ಎದ್ದಿತು. 1919ರ ಸೆಪ್ಟೆಂಬರ್ 12ರಂದು ಕವಿ ಡಾನುನ್ಸಿಯೊ ತನ್ನ ಸ್ವಯಂಸೈನಿಕರೊಡನೆ ಫಿಯೂಮೆ ಎಂಬ ರೇವುಪಟ್ಟಣಕ್ಕೆ ನುಗ್ಗಿ ಅದನ್ನು ಆಕ್ರಮಿಸಿಕೊಂಡನು.

ಇಂಥ ಬಿಸಿಯ ಕಾಲದಲ್ಲಿ, 1920ರ ಜೂನ್ ತಿಂಗಳಿನಲ್ಲಿ, ಪ್ರಧಾನಿ ಜೊಲಿತ್ತಿ ಅವರ ಮಂತ್ರಿಮಂಡಲದಲ್ಲಿ ಸ್ಫೋರ್ಜಾ ವಿದೇಶಾಂಗ ಸಚಿವರಾದರು. ಅದಕ್ಕೆ ಹಿಂದಿನ ವರ್ಷವೇ ಅವರು ಸೆನೆಟಿನ ಸದಸ್ಯರಾಗಿ ನೇಮಕಗೊಂಡಿದ್ದರು. ಅಧಿಕಾರ ಸ್ವೀಕರಿಸಿದ ಕೆಲವೇ ವಾರಗಳಲ್ಲಿ ಆಲ್ಬೇನಿಯದ ವಲೋನಾ ಬಂದರಿನಿಂದ ಇಟಲಿಯ ಸೈನ್ಯವನ್ನು ಹಿಂದಕ್ಕೆ ಕರೆಯಿಸಿಕೊಳ್ಳುವ ಒಪ್ಪಂದವಾಯಿತು. ಅನಂತರ ಅವರು ಯುಗೊಸ್ಲಾವಿಯದ ಪ್ರತಿನಿಧಿಗಳೊಡನೆ ನೇರ ಮಾತುಕತೆಗೆ ಕುಳಿತರು. 1920ರ ನವೆಂಬರ್ 12ರಂದು ಜೆನೋವಾ ಸಮೀಪದ ರಪಾಲ್ಲೊದಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಇಸ್ಟ್ರಿಯ ಪರ್ಯಾಯದ್ವೀಪವೂ ಜಾರಾ ಪಟ್ಟಣವೂ ಕೆಲವು ದ್ವೀಪಗಳೂ ಇಟಲಿಗೆ ಸಂದವು. ಡಾಲ್ಮೇಷಿಯದ ಉಳಿದ ಭಾಗವನ್ನು ಇಟಲಿಯು ಬಿಟ್ಟುಕೊಟ್ಟಿತು. ಫಿಯೂಮೆಯು ಯಾರಿಗೂ ಸೇರದ ಸ್ವತಂತ್ರ ಸಂಸ್ಥಾನವಾಯಿತು. ಒಪ್ಪಂದಕ್ಕೆ ಮಣಿಯದ ಡಾನುನ್ಸಿಯೊನನ್ನು ಡಿಸೆಂಬರ್ ಕೊನೆಯ ವಾರದಲ್ಲಿ ಇಟಲಿಯ ಸೈನ್ಯವೇ ಬಲಪ್ರಯೋಗದಿಂದ ಮಣಿಸಬೇಕಾಯಿತು.

ಪಾಂಡವರಿಗಾಗಿ ಐದು ಗ್ರಾಮಗಳನ್ನಾದರೂ ಕೊಡೆಂದು ಬೇಡಿದ ಸಂಧಾನಕಾರನಿಗೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದ ಕೌರವನ ಕಥೆ ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು. ಅಂಥ ಮನೋವೃತ್ತಿಯವರು ಎಲ್ಲ ನಾಡಿನಲ್ಲೂ ಇರುತ್ತಾರೆ. ನೆರೆಯವನ ಮನೆಯನ್ನು ಅವನಿಗೆ ಬಿಟ್ಟುಕೊಟ್ಟ ಸಚಿವನನ್ನು ಇಟಲಿಯ ಉಗ್ರ ರಾಷ್ಟ್ರವಾದಿಗಳು ದೇಶದ್ರೋಹಿ ಎಂದು ಜರೆದರು. ಅದಕ್ಕೆ ಒಂದು ನೆಪವೂ ಒದಗಿತು. ಫಿಯೂಮೆಯ ಅಂಚಿನಲ್ಲಿದ್ದ ಬಾರೊಸ್ ಎಂಬ ಚಿಕ್ಕ ಬಂದರು ಯುಗೊಸ್ಲಾವಿಯಕ್ಕೆ ಸೇರತಕ್ಕದ್ದೆಂದು ಸ್ಫೋರ್ಜಾ ಅವರು ಒಪ್ಪಂದದೊಡನೆ ಒಂದು ರಹಸ್ಯ ಪತ್ರವನ್ನು ಬರೆದುಕೊಟ್ಟಿದ್ದರು. 1921ರಲ್ಲಿ ಅದು ಬಯಲಾದಾಗ ದೊಡ್ಡ ಕೋಲಾಹಲವೆದ್ದಿತು. ಲೋಕಸಭೆಗೆ ತಿಳಿಸದೆ ಇಂಥ ಪತ್ರವನ್ನು ಕೊಟ್ಟುದು ಅವರ ನಡವಳಿಕೆಯಲ್ಲಿ ಒಂದು ಕಲೆಯೆಂಬುದನ್ನು ಒಪ್ಪಲೇಬೇಕು; ಗೋಪ್ಯದಿಂದ ಸಾಧಿಸಿದ ನ್ಯಾಯಕ್ಕೂ ಸಂಶಯದ ನೆರಳು ತಪ್ಪದು. ಆ ವರ್ಷದ ಜೂನ್ ತಿಂಗಳಿನಲ್ಲಿ ವಿದೇಶಾಂಗ ನೀತಿಯ ಮೇಲಿನ ಮತಗಣನೆಯಲ್ಲಿ ಸರಕಾರಕ್ಕೆ ಅತ್ಯಲ್ಪ ಬಹುಮತವಷ್ಟೇ ದೊರೆತು, ಜೊಲಿತ್ತಿ ಅವರು ಅಧಿಕಾರವನ್ನು ಬಿಟ್ಟರು. ಅವರೊಡನೆ ಸ್ಫೋರ್ಜಾ ಅವರೂ ಹೊರಬಂದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಇದೇ ಬಾರೊಸ್ ಬಂದರನ್ನು 1924ರ ಜನವರಿಯಲ್ಲಿ ಯುಗೊಸ್ಲಾವಿಯಕ್ಕೆ ಬರೆದುಕೊಟ್ಟವನು ಸ್ವತಃ ಮುಸೊಲಿನಿ. ಫಿಯೂಮೆಯನ್ನು ತನ್ನದಾಗಿ ಮಾಡಿಕೊಳ್ಳಲು ಅವನು ತೆತ್ತ ಬೆಲೆ ಅದು. ಸ್ಫೋರ್ಜಾ ಕೊಟ್ಟಾಗ ದ್ರೋಹವೆನಿಸಿದ್ದು ಮುಸೊಲಿನಿ ಕೊಟ್ಟಾಗ ಚಾತುರ್ಯವೆನಿಸಿತು.

ಪದತ್ಯಾಗ

1922ರ ಫೆಬ್ರವರಿಯಲ್ಲಿ ಸ್ಫೋರ್ಜಾ ಅವರು ಪ್ಯಾರಿಸ್ ನಗರದಲ್ಲಿ ಇಟಲಿಯ ರಾಯಭಾರಿಯಾಗಿ ನೇಮಕಗೊಂಡರು. ರಾಯಭಾರ ಸೇವೆಯಲ್ಲಿ ಅದಕ್ಕಿಂತ ಹಿರಿದಾದ ಸ್ಥಾನಗಳು ಬೆರಳೆಣಿಕೆಯಷ್ಟು. ಇಪ್ಪತ್ತಾರು ವರ್ಷಗಳ ಸೇವೆಯ ಅನುಭವ, ಐವತ್ತರ ವಯಸ್ಸು, ಉನ್ನತ ಪದವಿ, ಎಲ್ಲವೂ ಅನುಕೂಲವಾಗಿದ್ದ ಆ ಗಳಿಗೆಯಲ್ಲಿ ಇಟಲಿಯ ಭಾಗ್ಯಚಕ್ರವು ಬೇರೊಂದು ದಿಕ್ಕಿಗೆ ಉರುಳಿತು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮುಸೊಲಿನಿಯ ಕರಿಯಂಗಿಯ ದಂಡು ರೋಮಿನ ಕಡೆಗೆ ಹೊರಟಿತು; ದೊರೆ ವಿಕ್ಟರ್ ಇಮ್ಯಾನ್ಯುಯಲ್ ಅದನ್ನು ತಡೆಯುವ ಆಜ್ಞೆಗೆ ಸಹಿ ಹಾಕಲೊಲ್ಲದೆ, ಮುಸೊಲಿನಿಯನ್ನೇ ಕರೆದು ಪ್ರಧಾನಿಯನ್ನಾಗಿ ಮಾಡಿದನು.

ಅಂದಿನ ಇಟಲಿಯ ಬಹುಮಂದಿ ಹಿರಿಯರು ಕಾದು ನೋಡೋಣವೆಂದುಕೊಂಡರು. ಅಧಿಕಾರದ ಹೊಣೆ ಬಿದ್ದೊಡನೆ ಈ ಪುಂಡನು ತಾನಾಗಿಯೇ ಹದಕ್ಕೆ ಬರುವನೆಂದು ನಂಬಿದವರುಂಟು. ಸ್ಥಾನದಲ್ಲಿ ಉಳಿದುಕೊಂಡೇ ಕೆಡುಕನ್ನು ತಗ್ಗಿಸಬಹುದೆಂದು ತಮ್ಮನ್ನು ತಾವು ಸಮಾಧಾನಪಡಿಸಿಕೊಂಡವರುಂಟು. ಸ್ಫೋರ್ಜಾ ಅವರು ಕಾಯಲಿಲ್ಲ. ಮುಸೊಲಿನಿ ಅಧಿಕಾರಕ್ಕೆ ಬಂದೊಡನೆಯೇ, ಅಕ್ಟೋಬರ್ 31ರಂದು, ತಮ್ಮ ರಾಯಭಾರಿ ಪದವಿಗೆ ರಾಜೀನಾಮೆಯನ್ನಿತ್ತರು. ಬರ್ಲಿನ್ನಿನಲ್ಲಿದ್ದ ರಾಯಭಾರಿ ಫ್ರಸ್ಸಾತಿ ಅವರೂ ಅದೇ ಹಾದಿ ಹಿಡಿದರು. ಉಳಿದ ಬಹುತೇಕರು ತಮ್ಮ ತಮ್ಮ ಪೀಠಗಳಲ್ಲಿ ಮುಂದುವರಿದರು.

ಕುಮಾರವ್ಯಾಸನ ಭಾರತವನ್ನು ಓದಿದವರಿಗೆ ಇಲ್ಲಿ ವಿದುರನು ನೆನಪಾಗದಿರಲಾರನು. ಸಭೆಯಲ್ಲಿ ಕೌರವನ ಮಾತಿನಿಂದ ನೊಂದ ಆ ಮಂತ್ರಿಯು ತನ್ನ ಬಿಲ್ಲನ್ನು ಮುರಿದು, ಅಧರ್ಮದ ಪಕ್ಷದಲ್ಲಿ ನಿಂತು ಕಾದುವುದಿಲ್ಲವೆಂದು ಸಾರಿದನು. ಭೀಷ್ಮ ದ್ರೋಣರಿಗಾದರೋ ಅನ್ನದ ಋಣವು ಕೊರಳಿಗೆ ಕಟ್ಟಿದ ಹಗ್ಗವಾಯಿತು. ಪದವಿಯನ್ನು ಹಿಡಿದವನಿಗೆ ಪದವಿಯೇ ಹಿಡಿತವಾಗುವ ಈ ಅಪಾಯವು ಎಲ್ಲ ಕಾಲದ ಸೇವಕರಿಗೂ ಉಂಟು.

ಇದು ರಾಯಭಾರಿಗಳಿಗೆ ಮಾತ್ರ ಸಂಬಂಧಿಸಿದ ಮಾತೆಂದು ಅಧ್ಯಾಪಕ ಮಿತ್ರರು ಭಾವಿಸಬಾರದು. 1931ರಲ್ಲಿ ಇಟಲಿಯ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರೆಲ್ಲರೂ ಫಾಸಿಸ್ಟ್ ಆಳ್ವಿಕೆಗೆ ನಿಷ್ಠೆಯ ಪ್ರತಿಜ್ಞೆ ಸ್ವೀಕರಿಸಬೇಕೆಂದು ಆಜ್ಞೆಯಾಯಿತು. ಸುಮಾರು 1,200 ಮಂದಿಯಲ್ಲಿ ಅದನ್ನು ನಿರಾಕರಿಸಿ ಹುದ್ದೆಯನ್ನು ಕಳೆದುಕೊಂಡವರು ಹನ್ನೆರಡರ ಆಸುಪಾಸಿನಷ್ಟು ಮಂದಿ. ಇನ್ನು ರಪಾಲ್ಲೊ ಒಪ್ಪಂದದ ಗಡಿಯೊಳಗೆ ಸೇರಿಹೋಗಿದ್ದ ಹಲವು ಲಕ್ಷ ಸ್ಲೊವೀನರ ಮತ್ತು ಕ್ರೊಯೇಷಿಯನ್ನರ ಪಾಡು ಮತ್ತಷ್ಟು ಶೋಚನೀಯ. 1923ರ ಶಿಕ್ಷಣಶಾಸನದ ಮೂಲಕ ಫಾಸಿಸ್ಟ್ ಸರಕಾರವು ಅವರ ಮಾತೃಭಾಷೆಯ ಶಾಲೆಗಳನ್ನು ತರಗತಿ ತರಗತಿಯಾಗಿ ಮುಚ್ಚಿಸಿತು. ಸ್ಫೋರ್ಜಾ ಅವರ ಒಪ್ಪಂದವು ಈ ಜನರಿಗೆ ಸಾಕಷ್ಟು ಭಾಷಾರಕ್ಷಣೆಯನ್ನು ಗಟ್ಟಿಮಾಡಿ ಕೊಟ್ಟಿರಲಿಲ್ಲವೆಂಬುದು ಅದರ ದೊಡ್ಡ ನ್ಯೂನತೆ. ಒಪ್ಪಂದವನ್ನು ಬರೆದವನ ಸದ್ಭಾವನೆಯು ಅದನ್ನು ನಡೆಸುವವನ ಕೈಯಲ್ಲಿ ಉಳಿಯಬೇಕೆಂಬ ನಿಯಮವಿಲ್ಲವಷ್ಟೆ!

ದೇಶಭ್ರಷ್ಟ ಜೀವನ

ರಾಜೀನಾಮೆಯ ತರುವಾಯ ಸ್ಫೋರ್ಜಾ ಅವರು ರೋಮಿಗೆ ಮರಳಿ, ಸೆನೆಟಿನಲ್ಲಿ ವಿರೋಧಪಕ್ಷದ ಕಿರುಗುಂಪಿನೊಡನೆ ಕುಳಿತರು. 1924ರ ಜೂನ್ ತಿಂಗಳಿನಲ್ಲಿ ಸಮಾಜವಾದಿ ನಾಯಕ ಮತ್ತೆಓತ್ತಿ ಅವರನ್ನು ಫಾಸಿಸ್ಟರು ಕೊಲೆಗೈದರು. ಆ ವರ್ಷ ಜೊವಾನ್ನಿ ಅಮೆಂಡೊಲಾ ಅವರು ಕಟ್ಟಿದ ಪ್ರಜಾಸತ್ತಾವಾದಿಗಳ ಕೂಟದಲ್ಲಿ ಸ್ಫೋರ್ಜಾ ಸೇರಿದ್ದರು. ಅಮೆಂಡೊಲಾ ಅವರೂ ಫಾಸಿಸ್ಟರ ಹೊಡೆತಗಳಿಂದ ಜರ್ಜರಿತರಾಗಿ 1926ರಲ್ಲಿ ಪರದೇಶದಲ್ಲಿ ತೀರಿಕೊಂಡರು. ಪಕ್ಷಗಳು ನಿಷಿದ್ಧವಾದವು, ಪತ್ರಿಕೆಗಳ ಬಾಯಿ ಕಟ್ಟಿತು. ಸ್ಫೋರ್ಜಾ ಅವರು ಸ್ವದೇಶವನ್ನು ಬಿಟ್ಟು ಹೊರಟರು.

ಅಲ್ಲಿಂದ ಮುಂದಿನ ಸುಮಾರು ಹದಿನೇಳು ವರ್ಷಗಳು ಅವರ ವನವಾಸ. ಪತ್ನಿಯ ತವರಾದ ಬೆಲ್ಜಿಯಮ್, ಅನಂತರ ಫ್ರಾನ್ಸ್, ಹಿಟ್ಲರನ ಸೈನ್ಯವು 1940ರಲ್ಲಿ ಫ್ರಾನ್ಸನ್ನು ಆಕ್ರಮಿಸಿದಾಗ ಇಂಗ್ಲೆಂಡಿನ ಮಾರ್ಗವಾಗಿ ಅಮೆರಿಕ. ಈ ಅವಧಿಯಲ್ಲಿ ಅವರು ಉಪನ್ಯಾಸಗಳನ್ನು ನೀಡುತ್ತ, ಗ್ರಂಥಗಳನ್ನು ಬರೆಯುತ್ತ ಬಾಳಿದರು. ಚೀನಾದ ಸಮಸ್ಯೆ, ಆಧುನಿಕ ಯೂರೋಪಿನ ನಿರ್ಮಾಪಕರು, ಯೂರೋಪಿನ ಸರ್ವಾಧಿಕಾರಗಳು, ಪಾಶಿಚ್ ಮತ್ತು ಯುಗೊಸ್ಲಾವರ ಏಕೀಕರಣ, ಇವು ಅವರು ಬರೆದ ಪುಸ್ತಕಗಳ ವಿಷಯಗಳು. ಆಳುವವರ ಮುಂದೆ ಮಾತನಾಡಿದ್ದ ನಾಲಗೆಯು ಈಗ ವಿದ್ಯಾರ್ಥಿಗಳ ಮುಂದೆ ಮಾತನಾಡಿತು. ಸಹಿ ಹಾಕಿದ್ದ ಲೇಖನಿಯು ಗ್ರಂಥರಚನೆಗೆ ತೊಡಗಿತು.

ಅಮೆರಿಕದಲ್ಲಿ ಇಟಾಲಿಯನ್ ಪ್ರಜಾಸತ್ತಾವಾದಿಗಳು ಮ್ಯಾಜಿನಿಯ ಹೆಸರಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದ್ದರು. ಸ್ಫೋರ್ಜಾ ಅದರ ಅಗ್ರಗಣ್ಯರಲ್ಲಿ ಒಬ್ಬರಾದರು. 1942ರ ಆಗಸ್ಟ್ ತಿಂಗಳಿನಲ್ಲಿ ದಕ್ಷಿಣ ಅಮೆರಿಕದ ಮೊಂಟೆವಿಡಿಯೊ ನಗರದಲ್ಲಿ ಸೇರಿದ ಸ್ವತಂತ್ರ ಇಟಾಲಿಯನ್ನರ ಮಹಾಸಭೆಯು ಅವರನ್ನು ತನ್ನ ನಾಯಕರೆಂದು ಅಂಗೀಕರಿಸಿತು. ಆಗ ಅವರಿಗೆ ಎಪ್ಪತ್ತು ವರ್ಷ. ಸೈನ್ಯವಿಲ್ಲ, ನೆಲವಿಲ್ಲ, ಬೊಕ್ಕಸವಿಲ್ಲ. ಕಾರ್ಫು ದ್ವೀಪದಲ್ಲಿ ಪಾಶಿಚ್ ಅವರನ್ನು ಕಂಡಿದ್ದ ಸ್ಥಿತಿಯಲ್ಲಿಯೇ ಈಗ ತಾವೂ ಇದ್ದರು.

ಪುನರಾಗಮನ ಮತ್ತು ಚರ್ಚಿಲ್ಲರ ಅಡ್ಡಿ

1943ರ ಜುಲೈ 25ರಂದು ಮುಸೊಲಿನಿಯ ಪತನವಾಯಿತು. ಸೆಪ್ಟೆಂಬರಿನಲ್ಲಿ ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾಯಿತು. ದೊರೆಯೂ ಪ್ರಧಾನಿ ಬದೋಲ್ಯೊ ಅವರೂ ರೋಮನ್ನು ತೊರೆದು ದಕ್ಷಿಣದ ಬ್ರಿಂಡಿಸಿಗೆ ಓಡಿದರು. ಅಕ್ಟೋಬರಿನಲ್ಲಿ ಸ್ಫೋರ್ಜಾ ಅಮೆರಿಕದಿಂದ ಹೊರಟು ಲಂಡನ್ನಿನಲ್ಲಿ ಚರ್ಚಿಲ್ಲರನ್ನು ಕಂಡು ಸ್ವದೇಶಕ್ಕೆ ಮರಳಿದರು. ಬದೋಲ್ಯೊ ಸರಕಾರವು ಜರ್ಮನರೊಡನೆ ಹೋರಾಡುವಷ್ಟು ಕಾಲ ತಾವು ಅದಕ್ಕೆ ಬೆಂಬಲ ಕೊಡುವುದಾಗಿ ಅವರು ಅಮೆರಿಕದ ಅಧಿಕಾರಿಗಳಿಗೆ ಪತ್ರ ಬರೆದಿದ್ದರು. ಚರ್ಚಿಲ್ಲರು ಅದನ್ನು ದೊರೆತನಕ್ಕೂ ಕೊಟ್ಟ ಬೆಂಬಲವೆಂದು ತಿಳಿದರು. ಸ್ಫೋರ್ಜಾ ಅವರ ಮನಸ್ಸಿನಲ್ಲಿದ್ದುದು ಬೇರೆ. ಮುಸೊಲಿನಿಯನ್ನು ಕರೆದು ಪೀಠದಲ್ಲಿ ಕೂರಿಸಿದ ದೊರೆಯು ಸಿಂಹಾಸನವನ್ನು ಬಿಡಬೇಕು, ಆರು ವರ್ಷದ ಮೊಮ್ಮಗನನ್ನು ದೊರೆಯೆಂದು ಸಾರಿ ಒಬ್ಬ ರಾಜಪ್ರತಿನಿಧಿಯನ್ನು ನೇಮಿಸಬೇಕು ಎಂದು ಅವರು ಇಟಲಿಯಲ್ಲಿ ಬಹಿರಂಗವಾಗಿ ಒತ್ತಾಯಿಸಿದರು. ತತ್ತ್ವಜ್ಞಾನಿ ಬೆನೆದೆತ್ತೊ ಕ್ರೋಚೆ ಅವರೂ ದೊರೆಯ ಪದತ್ಯಾಗಕ್ಕಾಗಿ ದನಿಗೂಡಿಸಿದರು.

ಕೊಟ್ಟ ಮಾತಿಗೆ ತಪ್ಪಿದರೆಂದು ಚರ್ಚಿಲ್ಲರು ಮುನಿದರು. 1944ರ ಏಪ್ರಿಲ್‌ನಲ್ಲಿ ಎಲ್ಲ ಪಕ್ಷಗಳ ಸರಕಾರವು ರಚಿತವಾದಾಗ ಸ್ಫೋರ್ಜಾ ಖಾತೆರಹಿತ ಸಚಿವರಾದರು. ಫಾಸಿಸ್ಟರ ಅಪರಾಧಗಳನ್ನು ವಿಚಾರಿಸುವ ಉನ್ನತಾಧಿಕಾರಿಯ ಕಠಿನ ಹೊಣೆಯನ್ನೂ ಅದೇ ವರ್ಷ ಹೊತ್ತರು. ಆದರೆ ನವೆಂಬರ್ ಕೊನೆಯಲ್ಲಿ ಸರಕಾರವು ಪುನಾರಚನೆಯಾಗುವಾಗ ಅವರಿಗೆ ಪ್ರಧಾನಿ ಪದವಿಯಾಗಲಿ ವಿದೇಶಾಂಗ ಖಾತೆಯಾಗಲಿ ಸಲ್ಲದೆಂದು ಬ್ರಿಟಿಷ್ ಸರಕಾರವು ಅಡ್ಡಿಪಡಿಸಿತು. ಇಟಲಿಯವರು ತಮ್ಮ ಸರಕಾರವನ್ನು ತಾವೇ ಆರಿಸಿಕೊಳ್ಳಲಿ ಎಂದು ಅಮೆರಿಕವು ಡಿಸೆಂಬರ್ 5ರಂದು ಬಹಿರಂಗವಾಗಿ ಹೇಳಿತು. ಮಿತ್ರರಾಷ್ಟ್ರಗಳ ನಡುವೆಯೇ ಒಬ್ಬ ವೃದ್ಧ ರಾಯಭಾರಿಯ ಹೆಸರಿನಲ್ಲಿ ವಿರಸವುಂಟಾದ ಪ್ರಸಂಗವಿದು. ಸ್ವದೇಶದ ಸರ್ವಾಧಿಕಾರಿಯನ್ನು ಎದುರಿಸಿ ಪದವಿಯನ್ನು ಬಿಟ್ಟವರು, ವಿದೇಶದ ಪ್ರಬಲ ಪ್ರಧಾನಿಯನ್ನು ಎದುರಿಸಿ ಪದವಿಯಿಂದ ವಂಚಿತರಾದರು.

1946ರ ಜೂನ್ 2ರಂದು ನಡೆದ ಜನಮತಗಣನೆಯಲ್ಲಿ ಸುಮಾರು 1 ಕೋಟಿ 27 ಲಕ್ಷ ಮತಗಳು ಗಣರಾಜ್ಯದ ಪರವಾಗಿಯೂ 1 ಕೋಟಿ 7 ಲಕ್ಷ ಮತಗಳು ದೊರೆತನದ ಪರವಾಗಿಯೂ ಬಂದವು. ಇಟಲಿಯು ಗಣರಾಜ್ಯವಾಯಿತು. ರಾಜವಂಶದ ಹೆಸರನ್ನು ಹೊತ್ತ ಸ್ಫೋರ್ಜಾ ಅವರು ಸಂವಿಧಾನಸಭೆಯಲ್ಲಿ ಗಣರಾಜ್ಯವಾದಿಗಳ ಸಾಲಿನಲ್ಲಿ ಕುಳಿತರು.

ಸೋಲಿನ ಸಂಧಿ

1947ರ ಫೆಬ್ರವರಿಯಲ್ಲಿ ಪ್ರಧಾನಿ ದೆ ಗಾಸ್ಪೆರಿ ಅವರು ವಿದೇಶಾಂಗ ಖಾತೆಯನ್ನು ಸ್ಫೋರ್ಜಾ ಅವರಿಗೆ ಒಪ್ಪಿಸಿದರು. ಇಪ್ಪತ್ತಾರು ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ಪೀಠಕ್ಕೆ ಎಪ್ಪತ್ತೈದರ ವೃದ್ಧರು ಮರಳಿ ಬಂದ ಕೆಲವೇ ದಿನಗಳಲ್ಲಿ, ಫೆಬ್ರವರಿ 10ರಂದು, ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿಯಾಗಬೇಕಾಗಿತ್ತು. ಅವರೇ ಎಂದೋ ರಾಯಭಾರಿ ಪದವಿಯನ್ನು ತ್ಯಜಿಸಿದ್ದ ನಗರವದು!

ಒಪ್ಪಂದದ ಷರತ್ತುಗಳು ಕಠೋರವಾಗಿದ್ದವು. ಇಸ್ಟ್ರಿಯದ ಬಹುಭಾಗ, ಫಿಯೂಮೆ, ಜಾರಾ ಯುಗೊಸ್ಲಾವಿಯಕ್ಕೆ ಹೋದವು. ಟ್ರಿಯೆಸ್ಟ್ ನಗರವು ಪ್ರತ್ಯೇಕ ಪ್ರದೇಶವಾಗತಕ್ಕದ್ದೆಂದು ವಿಧಿಸಲಾಯಿತು. ಡೊಡೆಕನೀಸ್ ದ್ವೀಪಗಳು ಗ್ರೀಸಿಗೆ ಸಂದವು. ಆಫ್ರಿಕದ ವಸಾಹತುಗಳ ಮೇಲಿನ ಹಕ್ಕು ಅಳಿಯಿತು. ಐದು ದೇಶಗಳಿಗೆ ಒಟ್ಟು 36 ಕೋಟಿ ಡಾಲರುಗಳ ಯುದ್ಧಪರಿಹಾರವನ್ನು ತೆರಬೇಕಾಯಿತು. ರಪಾಲ್ಲೊದಲ್ಲಿ ಮಾತುಕತೆಯಿಂದ ಪಡೆದಿದ್ದುದನ್ನು ಸಾಲದೆಂದು ಹೀಗಳೆದು, ಎಲ್ಲವೂ ಬೇಕೆಂದವರ ಇಪ್ಪತ್ತು ವರ್ಷಗಳ ಆಳ್ವಿಕೆಯ ಫಲವಾಗಿ ಆ ಪಡೆದುದರ ಬಹುಪಾಲು ಕೈಬಿಟ್ಟಿತು. ಲಕ್ಷಾಂತರ ಇಟಾಲಿಯನ್ನರು ತಮ್ಮ ಮನೆಮಾರುಗಳನ್ನು ಬಿಟ್ಟು ಆ ತೀರದಿಂದ ವಲಸೆ ಬಂದರು. ಈ ನಷ್ಟದ ಪತ್ರವನ್ನು ಅಂಗೀಕರಿಸುವ ಹೊಣೆಯು, ವಿಧಿಯ ವಿಡಂಬನೆಯೋ ಎಂಬಂತೆ, ಯುದ್ಧಕ್ಕೆ ಕಾರಣನಾಗದ, ಯುದ್ಧವನ್ನು ಮೊದಲಿನಿಂದ ವಿರೋಧಿಸಿದ ಸ್ಫೋರ್ಜಾ ಅವರ ಪಾಲಿಗೆ ಬಂದಿತು.

ಸಂವಿಧಾನಸಭೆಯಲ್ಲಿ ಒಪ್ಪಂದದ ಅನುಮೋದನೆಯನ್ನು ಕ್ರೋಚೆ, ಒರ್ಲಾಂಡೊ ಅವರಂಥ ಹಿರಿಯರೇ ವಿರೋಧಿಸಿದರು. ಫಾಸಿಸಮ್ಮಿನೊಡನೆ ಹೋರಾಡಿದ ಇಟಲಿಗೆ ಫಾಸಿಸಮ್ಮಿನ ದಂಡವನ್ನು ವಿಧಿಸುವುದು ಅನ್ಯಾಯವೆಂಬ ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಅವಮಾನವನ್ನು ನುಂಗಿಯಾದರೂ ರಾಷ್ಟ್ರಗಳ ಪಂಕ್ತಿಗೆ ಮರಳಬೇಕು, ಸಹಿ ಹಾಕದೆ ಹೊರಗೆ ನಿಂತರೆ ಅವಮಾನವು ಉಳಿಯುವುದು, ಸ್ಥಾನವು ಬಾರದು ಎಂಬುದು ಸ್ಫೋರ್ಜಾ ಅವರ ಪಕ್ಷ. 1947ರ ಜುಲೈ 31ರಂದು ಸಭೆಯು ಅನುಮೋದನೆಯನ್ನು ನೀಡಿತು. ಕೀರ್ತಿಯನ್ನು ತರುವ ಒಪ್ಪಂದಕ್ಕೆ ಮುಂದೆ ಬರುವವರು ಬಹುಮಂದಿ. ಬೈಗುಳನ್ನು ತರುವ ಒಪ್ಪಂದಕ್ಕೆ ಹೆಗಲು ಕೊಡುವವರು ಕೆಲವರೇ.

ಒಂದು ವಿಷಯದಲ್ಲಿ ಮಾತ್ರ ಅವರ ದೃಷ್ಟಿಯು ಮಸುಕಾಗಿತ್ತೆಂದು ಹೇಳದಿದ್ದರೆ ಚರಿತ್ರೆಗೆ ಅನ್ಯಾಯವಾದೀತು. ಕಳೆದುಹೋದ ಆಫ್ರಿಕದ ವಸಾಹತುಗಳಲ್ಲಿ ಕೆಲವನ್ನಾದರೂ ಇಟಲಿಯ ಪಾಲನೆಗೆ ಮರಳಿ ಪಡೆಯಲು ಅವರು ಯತ್ನಿಸಿದರು. 1949ರ ಮೇ ತಿಂಗಳಿನಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಬೆವಿನ್ ಅವರೊಡನೆ ಕೂಡಿ, ಲಿಬಿಯವನ್ನು ಬ್ರಿಟನ್, ಫ್ರಾನ್ಸ್, ಇಟಲಿಗಳ ಪಾಲನೆಯಲ್ಲಿ ಮೂರು ಭಾಗ ಮಾಡುವ ಯೋಜನೆಯನ್ನು ಮುಂದಿಟ್ಟರು. ಲಿಬಿಯದ ಜನ ಬೀದಿಗಿಳಿದು ಪ್ರತಿಭಟಿಸಿದರು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಟ್ರಿಪೊಲಿಟೇನಿಯವನ್ನು ಇಟಲಿಗೆ ಒಪ್ಪಿಸುವ ವಿಧಿಗೆ ಬೇಕಾದ ಮೂರನೆಯ ಎರಡು ಬಹುಮತಕ್ಕೆ ಒಂದೇ ಒಂದು ಮತ ಕಡಿಮೆಯಾಗಿ ಯೋಜನೆಯು ಬಿದ್ದುಹೋಯಿತು. 1951ರ ಡಿಸೆಂಬರ್ 24ರಂದು ಲಿಬಿಯ ಸ್ವತಂತ್ರವಾಯಿತು. ಸ್ಲಾವ್ ಜನರ ಸ್ವಾತಂತ್ರ್ಯದ ಹಂಬಲವನ್ನು ಅಷ್ಟು ಚೆನ್ನಾಗಿ ಅರಿತಿದ್ದ ಹೃದಯವು ಅರಬ್ಬರ ಹಂಬಲವನ್ನು ಅಷ್ಟು ಬೇಗ ಅರಿಯಲಿಲ್ಲ. ದಾಸ್ಯದ ಕಹಿಯುಂಡ ನಮ್ಮಂಥವರಿಗೆ ಈ ಕೊರತೆ ಎದ್ದು ಕಾಣುವುದು ಸಹಜ.

ಐರೋಪ್ಯ ಐಕ್ಯದ ಕಡೆಗೆ

1948ರ ಮೇ ತಿಂಗಳಿನಲ್ಲಿ ಗಣರಾಜ್ಯದ ಅಧ್ಯಕ್ಷ ಪದವಿಗೆ ದೆ ಗಾಸ್ಪೆರಿ ಅವರು ಸ್ಫೋರ್ಜಾ ಅವರ ಹೆಸರನ್ನು ಸೂಚಿಸಿದರು. ಅವರದೇ ಪಕ್ಷದ ಹಲವರು ಬೆಂಬಲಿಸದ ಕಾರಣ ಬೇಕಾದಷ್ಟು ಮತಗಳು ಬರಲಿಲ್ಲ. ಅರ್ಥಶಾಸ್ತ್ರಜ್ಞ ಐನೌದಿ ಅವರು ಅಧ್ಯಕ್ಷರಾದರು. ಸ್ಫೋರ್ಜಾ ಅವರು ತಮ್ಮ ಖಾತೆಯ ಕೆಲಸಕ್ಕೆ ಮರಳಿದರು.

1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ಅಟ್ಲಾಂಟಿಕ್ ರಕ್ಷಣಾ ಒಪ್ಪಂದಕ್ಕೆ ಇಟಲಿಯ ಪರವಾಗಿ ಅವರೇ ಸಹಿ ಹಾಕಿದರು. ಎಡಪಕ್ಷಗಳು ಇದನ್ನು ಉಗ್ರವಾಗಿ ವಿರೋಧಿಸಿದವು. ಯಾವ ಬಣಕ್ಕೂ ಸೇರದ ನೀತಿಯನ್ನು ಹಿಡಿದ ಭಾರತೀಯರ ದೃಷ್ಟಿಯಿಂದಲೂ ಅದು ಚರ್ಚಾಸ್ಪದವೇ. ಆದರೆ ಅವರ ಮನಸ್ಸು ನೆಲೆಸಿದ್ದುದು ಸೈನಿಕ ಕೂಟಕ್ಕಿಂತ ಐರೋಪ್ಯ ರಾಷ್ಟ್ರಗಳ ಐಕ್ಯದಲ್ಲಿ. ಅದೇ ವರ್ಷದ ಮೇ 5ರಂದು ಲಂಡನ್ನಿನಲ್ಲಿ ಸ್ಥಾಪಿತವಾದ ಐರೋಪ್ಯ ಮಂಡಲಿಯ ಸಂಸ್ಥಾಪಕ ರಾಷ್ಟ್ರಗಳಲ್ಲಿ ಇಟಲಿಯೂ ಒಂದಾಯಿತು. 1951ರ ಏಪ್ರಿಲ್ 18ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಮ್, ಹಾಲೆಂಡ್, ಲಕ್ಸೆಂಬರ್ಗ್ ಎಂಬ ಆರು ದೇಶಗಳು ತಮ್ಮ ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳನ್ನು ಒಂದೇ ಉನ್ನತಾಧಿಕಾರದ ಕೆಳಗೆ ತರುವ ಒಪ್ಪಂದವನ್ನು ಮಾಡಿಕೊಂಡವು. ಫಿರಂಗಿಗೆ ಬೇಕಾದ ಉಕ್ಕು, ಉಕ್ಕಿಗೆ ಬೇಕಾದ ಕಲ್ಲಿದ್ದಲು, ಇವೆರಡೂ ಸಮಾನ ಸ್ವತ್ತಾದರೆ ಒಬ್ಬರ ಮೇಲೊಬ್ಬರು ಯುದ್ಧ ಹೂಡುವುದು ಅಸಾಧ್ಯವಾಗುವುದೆಂಬುದು ಅದರ ಮರ್ಮ. ಇಟಲಿಯ ಪರವಾಗಿ ಅದಕ್ಕೆ ಸಹಿ ಹಾಕಿದವರೂ ಸ್ಫೋರ್ಜಾ ಅವರೇ.

ಆ ವರ್ಷದ ಜುಲೈ ತಿಂಗಳಿನಲ್ಲಿ ದೇಹಾಲಸ್ಯದ ನಿಮಿತ್ತ ವಿದೇಶಾಂಗ ಖಾತೆಯನ್ನು ಬಿಟ್ಟುಕೊಟ್ಟು, ಐರೋಪ್ಯ ವ್ಯವಹಾರಗಳ ಸಚಿವರಾಗಿ ಉಳಿದರು. 1952ರ ಸೆಪ್ಟೆಂಬರ್ 4ರಂದು ರೋಮ್ ನಗರದಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಕಾಲವಶರಾದರು.

ಉಪಸಂಹಾರ

ಕೌಂಟ್ ಸ್ಫೋರ್ಜಾ ಅವರು ನಿರ್ದೋಷಿಗಳೆಂದು ಈ ಲೇಖನವು ಸಾಧಿಸಹೊರಟಿಲ್ಲ. ರಹಸ್ಯ ಪತ್ರದ ಪ್ರಕರಣವನ್ನೂ ಲಿಬಿಯದ ಪ್ರಕರಣವನ್ನೂ ಮೇಲೆಯೇ ಹೇಳಿದೆ. ಆದರೆ ಅವರ ಬಾಳನ್ನು ಒಟ್ಟಾಗಿ ನೋಡಿದಾಗ ಎರಡು ನಡೆಗಳು ಮುಖ್ಯವಾಗಿ ತೋರುತ್ತವೆ. ಗೆದ್ದ ಕಾಲದಲ್ಲಿ ನೆರೆಯವನ ಪಾಲನ್ನು ನೆರೆಯವನಿಗೆ ಬಿಟ್ಟುಕೊಟ್ಟುದು ಒಂದು. ಅಧರ್ಮವು ಅಧಿಕಾರಕ್ಕೆ ಬಂದ ದಿನಗಳಲ್ಲಿಯೇ ತನ್ನ ಪದವಿಯನ್ನು ಬಿಟ್ಟುಕೊಟ್ಟುದು ಇನ್ನೊಂದು. ಎರಡೂ ತ್ಯಾಗದ ನಡೆಗಳು. ಎರಡಕ್ಕೂ ಆ ಕಾಲದಲ್ಲಿ ನಿಂದೆಯೇ ಪ್ರತಿಫಲವಾಗಿ ಬಂದಿತು.

ಕಾಲವು ಕೊಟ್ಟ ತೀರ್ಪು ಬೇರೆಯಾಯಿತು. ಆರು ರಾಷ್ಟ್ರಗಳ ಆ ಉಕ್ಕು-ಕಲ್ಲಿದ್ದಲಿನ ಕೂಟವು 1957ರ ರೋಮ್ ಒಪ್ಪಂದದ ಮೂಲಕ ವಿಸ್ತಾರಗೊಂಡು, 1993ರಲ್ಲಿ ಐರೋಪ್ಯ ಒಕ್ಕೂಟವೆಂಬ ಹೆಸರನ್ನು ತಳೆಯಿತು. ಯುಗೊಸ್ಲಾವಿಯವು 1990ರ ದಶಕದಲ್ಲಿ ಒಡೆದುಹೋಯಿತು. ಆದರೆ ಅದರಿಂದ ಹುಟ್ಟಿದ ಸ್ಲೊವೇನಿಯವು 2004ರಲ್ಲಿಯೂ ಕ್ರೊಯೇಷಿಯವು 2013ರಲ್ಲಿಯೂ ಅದೇ ಒಕ್ಕೂಟವನ್ನು ಸೇರಿದವು. ಕವಿಯು ದಂಡೆತ್ತಿ ಹೋಗಿದ್ದ, ಸಚಿವನನ್ನು ದ್ರೋಹಿ ಎನಿಸಿದ್ದ ಫಿಯೂಮೆ ಪಟ್ಟಣವು ಈಗ ರಿಯೇಕಾ ಎಂಬ ಹೆಸರಿನಿಂದ ಕ್ರೊಯೇಷಿಯದಲ್ಲಿದೆ. ಯಾವ ತೀರಕ್ಕಾಗಿ ಅಷ್ಟು ರಕ್ತ ಹರಿಯಿತೋ ಆ ತೀರದ ಮೂರು ರಾಷ್ಟ್ರಗಳೂ ಒಂದೇ ಮಂಡಲದ ಸದಸ್ಯರಾಗಿವೆ.

ವಿದ್ಯಾಸಂಸ್ಥೆಯಿಂದ ಹೊರಬಂದ ಎಲ್ಲರೂ ರಾಯಭಾರಿಗಳಾಗುವುದಿಲ್ಲ, ಸಚಿವರಾಗುವುದಿಲ್ಲ. ಆದರೆ ಯಾವುದೋ ಒಂದು ಕುರ್ಚಿ, ಯಾವುದೋ ಒಂದು ಸಹಿಯ ಅಧಿಕಾರ, ಚಿಕ್ಕದಾದರೂ ಸರಿಯೆ, ಪ್ರತಿಯೊಬ್ಬರ ಪಾಲಿಗೂ ಬರುತ್ತದೆ. ಆ ಸಹಿಯನ್ನು ಯಾವಾಗ ಹಾಕಬೇಕು, ಆ ಕುರ್ಚಿಯನ್ನು ಯಾವಾಗ ಬಿಡಬೇಕು ಎಂಬ ವಿವೇಕವನ್ನು ತರುಣರಲ್ಲಿ ಬೆಳೆಸುವುದು ವಿದ್ಯೆಯ ಪರಮಪ್ರಯೋಜನಗಳಲ್ಲಿ ಒಂದು. ಆ ವಿವೇಕಕ್ಕೆ ದೂರದೇಶದ ಈ ಚರಿತೆಯು ನಿದರ್ಶನವಾಗಿ ನಿಲ್ಲುತ್ತದೆ.